ವಿಡಿಯೊ ಜೊತೆಗೆ ಮೂಲ ಕಡತವನ್ನೂ ಕೇಳಿ ಪಡೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಕನ್ನಡದ ಮಕ್ಕಳಿಗಾಗಿ ಅನಿಮೇಷನ್ ಪಾಠ, ಕಥೆ, ಶಿಶುಗೀತೆಗಳನ್ನು ಮಾಡಿಸುವ ಶಾಲೆಗಳು, ಟ್ರಸ್ಟ್‌ಗಳು, ಪ್ರಕಾಶಕರು ಈಗ ಸಾಕಷ್ಟಿದ್ದಾರೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆಯ ಪಾಠ ತೆರೆದುಕೊಳ್ಳುತ್ತದೆ. ಆದರೆ ಹಣ ಕೊಟ್ಟು ಮಾಡಿಸಿದವರ ಕೈಗೆ ಕೊನೆಗೆ ಬರುವುದು ಅನೇಕ ಸಲ ಒಂದು ಎಂಪಿ4 ವಿಡಿಯೊ ಕಡತ ಮಾತ್ರ. ಪಠ್ಯ ಪರಿಷ್ಕರಣೆಯಾಗಿ ಒಂದು ಹೆಸರು ಬದಲಾದರೂ, ಒಂದು ಒತ್ತಕ್ಷರ ತಪ್ಪಿರುವುದು ಕಣ್ಣಿಗೆ ಬಿದ್ದರೂ ಅದರಲ್ಲಿ ತಿದ್ದಲು ಬರುವುದಿಲ್ಲ. ಮುಂದಿನ ಪಾಠಕ್ಕೆ ಅದೇ ಅಜ್ಜಿ, ಅದೇ ಮರ, ಅದೇ ಮೋಡ ಬೇಕಾದರೆ ಮತ್ತೆ ಮೊದಲಿನಿಂದ ಬರೆಸಬೇಕು. ಅನಿಮೇಷನ್ ದುಬಾರಿ ಎಂಬ ದೂರಿಗೆ ನಮ್ಮ ಪ್ರಕಾರ ದೊಡ್ಡ ಕಾರಣ ಇದು: ಬರೆದ ಚಿತ್ರವನ್ನು ಮರುಬಳಕೆಗೆ ಬರುವಂತೆ ಕಟ್ಟುವುದೂ ಇಲ್ಲ, ಜೋಡಿಸಿ ಇಡುವುದೂ ಇಲ್ಲ.

ತಿದ್ದಲು ಬರುವ ಮೂಲ ಕಡತ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು, ಬ್ರೌಸರ್‌ನಲ್ಲಿ ಅನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್ ಈಗಾಗಲೇ ತೋರಿಸಿಕೊಟ್ಟಿದೆ. ಅಡೋಬಿ ಕಂಪನಿ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಡಿಸೆಂಬರ್ 31ರಂದು. 2021ರ ಜನವರಿ 12ರಿಂದ ಅದರಲ್ಲಿ ಕಡತಗಳು ಓಡುವುದೇ ನಿಂತಿತು. ಎಸ್‌ಡಬ್ಲ್ಯುಎಫ್ ಎಂಬ, ಓಡಿಸಲಷ್ಟೇ ಬರುವ ಕಡತ ಮಾತ್ರ ಇಟ್ಟುಕೊಂಡಿದ್ದವರ ಪಾಠಗಳು ಬ್ರೌಸರ್‌ನಲ್ಲಿ ತೆರೆಯದಾದವು. ಎಫ್‌ಎಲ್‌ಎ ಎಂಬ ಮೂಲ ಕಡತವನ್ನು ಜೋಪಾನ ಮಾಡಿದ್ದವರು ಅದನ್ನೇ ಅಡೋಬಿ ಆ್ಯನಿಮೇಟ್‌ನಲ್ಲಿ ತೆರೆದು ವಿಡಿಯೊ ಆಗಿ ಇಲ್ಲವೇ ಬ್ರೌಸರ್‌ನಲ್ಲಿ ನೇರವಾಗಿ ಓಡುವ ಎಚ್‌ಟಿಎಂಎಲ್5 ಕ್ಯಾನ್ವಾಸ್ ಆಗಿ ಹೊರತೆಗೆಯಬಹುದಾಗಿತ್ತು. ಗುಂಡಿ ಒತ್ತುವಂಥ ಭಾಗಗಳ ಕೋಡನ್ನು ಹೊಸದಾಗಿ ಬರೆಯಬೇಕಾಗುತ್ತಿತ್ತು, ಚಿತ್ರಗಳನ್ನಲ್ಲ. ಆ್ಯನಿಮೇಟ್ ಬೇರೇನೂ ಅಲ್ಲ, ಹಳೆಯ ಫ್ಲ್ಯಾಶ್ ತಂತ್ರಾಂಶಕ್ಕೇ 2016ರಲ್ಲಿ ಬಂದ ಹೊಸ ಹೆಸರು. ಇಂದಿಗೂ ನಮ್ಮ ತರಬೇತಿ ಕೇಂದ್ರಗಳಲ್ಲಿ ದ್ವಿಮಿತಿ ಅನಿಮೇಷನ್ ಕಲಿಯುವ ಅನೇಕರು ಕೈ ಪಳಗಿಸಿಕೊಳ್ಳುವುದು ಅದರಲ್ಲೇ. ಹಾಗಾಗಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆಯುತ್ತಿದ್ದೇವೆ.

ಜಲಚಕ್ರದ ಪಾಠವೊಂದನ್ನು ತೆಗೆದುಕೊಳ್ಳಿ. ಸೂರ್ಯ, ಬೆಟ್ಟ, ಮೋಡ, ಮಳೆಹನಿ ಬೇಕು. ಹನಿಯೊಂದನ್ನು ಬರೆದು ಕಾಪಿ, ಪೇಸ್ಟ್ ಮಾಡುತ್ತ ಹೋದರೆ ಕಡತದಲ್ಲಿ ನಲವತ್ತು ಬೇರೆ ಬೇರೆ ಹನಿಗಳಾಗುತ್ತವೆ; ನೀಲಿ ಬಣ್ಣ ತುಸು ಗಾಢವಾಗಬೇಕೆಂದರೆ ನಲವತ್ತು ಕಡೆ ತಿದ್ದಬೇಕು. ಹನಿಯನ್ನು ಆಯ್ದು ಎಫ್8 ಒತ್ತಿ ಸಿಂಬಲ್ ಮಾಡಿದರೆ ಮೂಲಚಿತ್ರ ಲೈಬ್ರರಿಯಲ್ಲಿ, ಅಂದರೆ ಕಡತದ ಚಿತ್ರಭಂಡಾರದಲ್ಲಿ, ಒಂದೇ ಇರುತ್ತದೆ. ಸ್ಟೇಜ್ ಮೇಲೆ, ಅಂದರೆ ದೃಶ್ಯ ಜೋಡಿಸುವ ಜಾಗದಲ್ಲಿ, ಇರುವವೆಲ್ಲ ಅದರ ಪ್ರತಿಗಳು. ಪ್ರತಿಯೊಂದನ್ನೂ ಬೇರೆ ಬೇರೆ ಗಾತ್ರಕ್ಕೆ ಎಳೆಯಬಹುದು, ಓರೆ ಮಾಡಬಹುದು, ಮಸುಕುಗೊಳಿಸಬಹುದು. ಮೂಲವನ್ನು ತಿದ್ದಿದರೆ ನಲವತ್ತೂ ಬದಲಾಗುತ್ತವೆ. ಕಂಟ್ರೋಲ್ ಜಿ ಒತ್ತಿ ಗ್ರೂಪ್ ಮಾಡುವುದೂ ಇದೇ ಅಂದುಕೊಂಡವರಿದ್ದಾರೆ. ಅಲ್ಲ. ಗ್ರೂಪ್ ಲೈಬ್ರರಿಗೆ ಹೋಗುವುದಿಲ್ಲ.

ಎಫ್8 ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ಮೂವಿ ಕ್ಲಿಪ್, ಬಟನ್, ಗ್ರಾಫಿಕ್ ಎಂದು ಮೂರು ಬಗೆ ಇರುತ್ತವೆ. ವಿಡಿಯೊ ಆಗಿ ಹೊರಬರಬೇಕಾದ ಕೆಲಸಕ್ಕೆ ಗ್ರಾಫಿಕ್ ಆರಿಸಿ. ಪ್ರತಿ ಸಿಂಬಲ್‌ಗೂ ತನ್ನದೇ ಟೈಮ್‌ಲೈನ್, ಅಂದರೆ ಫ್ರೇಮುಗಳ ಸಾಲು, ಇರುತ್ತದೆ. ಅದರ ಟೈಮ್‌ಲೈನ್ ಹೊರಗಿನ ಟೈಮ್‌ಲೈನ್‌ಗೆ ಕಟ್ಟಿಕೊಂಡೇ ಓಡುವುದರಿಂದ ಯಾವ ಫ್ರೇಮಿನಲ್ಲಿ ಏನಿದೆ ಎಂಬುದು ಸ್ಟೇಜ್ ಮೇಲೇ ಕಾಣುತ್ತದೆ. ಮೂವಿ ಕ್ಲಿಪ್ ತನ್ನ ಪಾಡಿಗೆ ತಾನು ಓಡುತ್ತದೆ. ಸ್ಟೇಜ್ ಮೇಲೆ ಅದು ಮೊದಲ ಫ್ರೇಮಿನಲ್ಲೇ ನಿಂತಂತೆ ಕಾಣುತ್ತದೆ, ಚಿತ್ರಸರಣಿಯಾಗಿ ಹೊರತೆಗೆದಾಗಲೂ ಕೆಲವೊಮ್ಮೆ ಹಾಗೇ ಸ್ತಬ್ಧವಾಗಿ ಬರುತ್ತದೆ. ಕೋಡಿನಿಂದ ಓಡಿಸುವ ಆಟಗಳಿಗೆ ಅದೇ ಸರಿ. ಒಂದು ಸೂಕ್ಷ್ಮ ಇಲ್ಲಿದೆ: ತಪ್ಪಾಗಿ ಮೂವಿ ಕ್ಲಿಪ್ ಮಾಡಿದ್ದನ್ನು ಲೈಬ್ರರಿಯಲ್ಲಿ ಗ್ರಾಫಿಕ್ ಎಂದು ಬದಲಿಸಿದರೆ ಇನ್ನು ಮುಂದೆ ಎಳೆದು ತರುವ ಪ್ರತಿಗಳಷ್ಟೇ ಗ್ರಾಫಿಕ್ ಆಗುತ್ತವೆ. ಆಗಲೇ ಸ್ಟೇಜ್ ಮೇಲಿರುವವನ್ನು ಪ್ರಾಪರ್ಟೀಸ್ ಫಲಕದಲ್ಲಿ ಒಂದೊಂದಾಗಿ ಬದಲಿಸಬೇಕು.

ಗ್ರಾಫಿಕ್‌ಗೂ ತನ್ನದೇ ತೊಡಕುಂಟು. ಕಲಿಯುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಕಣ್ಣು ಮಿಟುಕಿಸುವ ಸಿಂಬಲ್‌ನಲ್ಲಿ 50 ಫ್ರೇಮ್ ಇವೆ, ಅದನ್ನು ತಲೆಯ ಸಿಂಬಲ್ ಒಳಗೆ ಇಟ್ಟಿದ್ದಾರೆ, ತಲೆಯ ಟೈಮ್‌ಲೈನ್‌ನಲ್ಲಿ ಮಾತ್ರ ಒಂದೇ ಫ್ರೇಮ್ ಇದೆ ಎನ್ನೋಣ. ಆಗ ಕಣ್ಣು ಎಂದಿಗೂ ಮಿಟುಕುವುದಿಲ್ಲ. ತಂತ್ರಾಂಶ ಕೆಟ್ಟಿದೆಯೆಂದು ಕಣ್ಣನ್ನೇ ಅಳಿಸಿ ಮತ್ತೆ ಬರೆಯುವವರಿದ್ದಾರೆ. ತಲೆಯ ಸಿಂಬಲ್ ತೆರೆದು, ಎಲ್ಲ ಲೇಯರ್‌ಗಳನ್ನೂ 50ನೆಯ ಫ್ರೇಮಿನವರೆಗೆ ಆಯ್ದು ಎಫ್5 ಒತ್ತಿದರೆ ಸಾಕು. ಹೊರಗಿನ ಟೈಮ್‌ಲೈನ್‌ಗೂ ಇದೇ ನಿಯಮ: ಒಳಗೆ 24 ಫ್ರೇಮಿನ ನಡಿಗೆ ಇದ್ದರೆ ಹೊರಗೆ ಕನಿಷ್ಠ 24 ಫ್ರೇಮ್ ಜಾಗ ಇರಬೇಕು.

ಇನ್ನು ಕೈಕಾಲಿನ ವಿಷಯ. ನಮ್ಮ ತೊಗಲುಗೊಂಬೆ ಮಾಡುವವರು ಭುಜ, ಮೊಣಕೈಗಳಲ್ಲಿ ಒಂದು ತುಂಡಿನ ಮೇಲೆ ಇನ್ನೊಂದು ತುಂಡು ಬರುವಂತೆ ಕತ್ತರಿಸಿ ದಾರದಿಂದ ಕಟ್ಟುತ್ತಾರೆ. ತುಂಡುತುಂಡಾಗಿ ಜೋಡಿಸುವ ಅನಿಮೇಷನ್ ಪಾತ್ರವೂ ನಡೆಯುವುದು ಅದೇ ತತ್ವದ ಮೇಲೆ. ಮೊಣಕೈಯಲ್ಲಿ ಮೇಲ್ತೋಳಿನ ತುದಿಯೂ ಮುಂದೋಳಿನ ತುದಿಯೂ ತೋಳಿನ ಅಗಲದಷ್ಟೇ ವ್ಯಾಸದ ವೃತ್ತವಾಗಿರಬೇಕು. ಆ ಎರಡು ವೃತ್ತಗಳು ಒಂದರ ಮೇಲೊಂದು ಸರಿಯಾಗಿ ಕೂತಿರಬೇಕು. ಆಗ ಎಷ್ಟು ಮಡಿಸಿದರೂ ಬಿರುಕು ಕಾಣದು. ಹೊರರೇಖೆ ಇರುವ ಪಾತ್ರವಾದರೆ, ಮೇಲೆ ಬರುವ ತುಂಡಿನ ವೃತ್ತಭಾಗದ ರೇಖೆಯನ್ನು ಅಳಿಸಿ ಬಣ್ಣವನ್ನಷ್ಟೇ ಉಳಿಸಿಕೊಳ್ಳಿ, ಇಲ್ಲದಿದ್ದರೆ ಮೊಣಕೈ ನಡುವೆ ಕಪ್ಪು ಕಮಾನೊಂದು ಎದ್ದು ಕಾಣುತ್ತದೆ.

ತಿರುಗುವ ಬಿಂದು ಆ ವೃತ್ತದ ನಡುವೆ ಇರಬೇಕು. ಸಿಂಬಲ್ ಮಾಡುವಾಗ ಒಂಬತ್ತು ಚುಕ್ಕಿಗಳ ಚೌಕದಲ್ಲಿ ಆರಿಸುವುದು ನೋಂದಣಿ ಬಿಂದು, ಸಣ್ಣ ಕೂಡು ಚಿಹ್ನೆಯಾಗಿ ಕಾಣುವಂಥದ್ದು. ಕ್ಯೂ ಒತ್ತಿ ಫ್ರೀ ಟ್ರಾನ್ಸ್‌ಫಾರ್ಮ್ ತೆಗೆದಾಗ ಕಾಣುವ ಬಿಳಿ ಸೊನ್ನೆ ತಿರುಗುವ ಬಿಂದು. ಎರಡೂ ಒಂದೇ ಅಲ್ಲ. ಬಿಳಿ ಸೊನ್ನೆಯನ್ನು ಭುಜಕ್ಕೆ ತಂದು ಕೂರಿಸುವ ಕೆಲಸ ಮೊದಲ ಕೀಫ್ರೇಮಿನಲ್ಲೇ (ಭಂಗಿಯನ್ನು ನಾವೇ ಇಡುವ ಫ್ರೇಮ್), ಬೇರೆ ಕೀಫ್ರೇಮ್ ಹಾಕುವ ಮುಂಚೆಯೇ ಮುಗಿಯಬೇಕು. ಮೊದಲ ಕೀಫ್ರೇಮಿನಲ್ಲಿ ಭುಜದಲ್ಲೂ ಎರಡನೆಯದರಲ್ಲಿ ತೋಳಿನ ಮಧ್ಯದಲ್ಲೂ ಬಿಂದು ಇದ್ದರೆ ಟ್ವೀನ್ (ಎರಡು ಕೀಫ್ರೇಮ್‌ಗಳ ನಡುವಿನ ಚಲನೆಯನ್ನು ತಂತ್ರಾಂಶವೇ ತುಂಬುವುದು) ನಡುವೆ ತೋಳು ಭುಜದಿಂದ ಕಳಚಿ ಜಾರುತ್ತದೆ. ಎರಡು ತುದಿಯ ಫ್ರೇಮುಗಳು ಸರಿ ಕಾಣುವುದರಿಂದ ದೋಷ ಎಲ್ಲಿದೆಯೆಂದು ಹುಡುಕುವುದು ಕಷ್ಟ.

ಬಾಯಿಯ ಸಿಂಬಲ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕನ್ನಡದ ಕೆಲಸ ಎದ್ದು ಕಾಣುವುದೂ ಕೆಡುವುದೂ ಇಲ್ಲೇ. ಬಾಯಿಯ ಒಂದೊಂದು ಆಕಾರಕ್ಕೆ ಒಂದೊಂದು ಸಿಂಬಲ್ ಮಾಡಬೇಡಿ. ಒಂದೇ ಗ್ರಾಫಿಕ್ ಸಿಂಬಲ್ ಒಳಗೆ ಫ್ರೇಮಿಗೊಂದು ಆಕಾರ ಬರೆದು, ಪ್ರತಿ ಫ್ರೇಮಿಗೂ ಲೇಬಲ್ ಕೊಡಿ. ಬಳಸುವಾಗ ಲೂಪಿಂಗ್ ಭಾಗದಲ್ಲಿ ಸಿಂಗಲ್ ಫ್ರೇಮ್ ಆರಿಸಿ, ಫ್ರೇಮ್ ಪಿಕರ್‌ನಿಂದ ಬೇಕಾದ ಬಾಯಿಯನ್ನು ಹೆಕ್ಕಬಹುದು. ಆ್ಯನಿಮೇಟ್‌ನ ಸ್ವಯಂಚಾಲಿತ ಲಿಪ್ ಸಿಂಕ್ (ಮಾತಿಗೆ ತುಟಿ ಹೊಂದಿಸುವ ಸೌಲಭ್ಯ) 12 ಆಕಾರಗಳನ್ನು ಕೇಳುತ್ತದೆ. ಕೈಯಿಂದಲೇ ಕೂರಿಸುವುದಾದರೆ ಕನ್ನಡಕ್ಕೆ ಎಂಟು ಸಾಕು: ವಿರಾಮದ ಬಾಯಿ; ತುಟಿ ಮುಚ್ಚಿದ ಪ, ಬ, ಮ; ಅಗಲ ತೆರೆದ ಅ, ಆ; ಹಲ್ಲು ತುಸು ಕಾಣುವಂತೆ ಅಡ್ಡಕ್ಕೆ ಹರಡಿದ ಇ, ಎ; ದುಂಡಾದ ಉ, ಒ; ಹಲ್ಲುಗಳು ಹತ್ತಿರ ಬಂದ ಸ, ಶ, ಚ, ಜ; ನಾಲಿಗೆ ತುದಿ ಕಾಣುವ ತ, ದ, ನ, ಲ; ಕೆಳತುಟಿಗೆ ಮೇಲ್ಹಲ್ಲು ತಾಗುವ ವ. ಟ, ಡ, ಣ, ಳ ಉಚ್ಚರಿಸುವಾಗ ನಾಲಿಗೆ ಒಳಗೇ ಮಡಿಚಿಕೊಳ್ಳುವುದರಿಂದ ಅವಕ್ಕೆ ಬೇರೆ ಚಿತ್ರ ಬೇಡ. ಕ, ಗ, ಹ ಬಂದಾಗ ಜೊತೆಗಿರುವ ಸ್ವರದ ಬಾಯಿಯನ್ನೇ ಇಡಿ. ಮಹಾಪ್ರಾಣಕ್ಕೂ ಅಲ್ಪಪ್ರಾಣಕ್ಕೂ ಬಾಯಿ ಒಂದೇ.

ಅನುಸ್ವಾರವನ್ನು ಬರಹ ನೋಡಿ ಕೂರಿಸಬಾರದು. ಕಂಬ, ತುಂಬ ಎಂದಾಗ ತುಟಿ ಮುಚ್ಚುತ್ತದೆ; ಅಂಗಡಿ, ಗಂಟೆ ಎಂದಾಗ ಮುಚ್ಚುವುದಿಲ್ಲ. ಸೊನ್ನೆ ಕಂಡಲ್ಲೆಲ್ಲ ‘ಮ’ ಬಾಯಿ ಹಾಕಿದರೆ ಅಂಗಡಿ ‘ಅಮ್ಗಡಿ’ಯಾಗಿ ಕಾಣುತ್ತದೆ, ಅದು ಮಕ್ಕಳಿಗೂ ಗೊತ್ತಾಗುತ್ತದೆ. ಅಮ್ಮ, ಅಪ್ಪ, ಹಬ್ಬದಂಥ ಸಜಾತಿ ಒತ್ತುಗಳಲ್ಲಿ ಮುಚ್ಚಿದ ತುಟಿಯನ್ನು ಮೂರು ನಾಲ್ಕು ಫ್ರೇಮ್ ಹಿಡಿಯಬೇಕು, ಒಂಟಿ ಪ, ಬ, ಮ ಇದ್ದರೆ ಎರಡು ಫ್ರೇಮ್ ಸಾಕು. ಸೆಕೆಂಡಿಗೆ 24 ಅಥವಾ 25 ಫ್ರೇಮಿನ ಲೆಕ್ಕ ಇದು. ತುಟಿ ಮುಚ್ಚುವುದು ಧ್ವನಿಗಿಂತ ಒಂದು ಫ್ರೇಮ್ ಮೊದಲೇ ಇದ್ದರೆ ಹೊಂದಿಕೊಂಡಂತೆ ಕಾಣುತ್ತದೆ. ಒಂದು ಫ್ರೇಮ್ ತಡವಾದರೂ ಡಬ್ಬಿಂಗ್ ಚಿತ್ರದಂತಾಗುತ್ತದೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಪದ ಮುಗಿದ ಕೂಡಲೇ ಬಾಯಿ ಮುಚ್ಚಿಸಬೇಡಿ. ಕೊನೆಯ ಸ್ವರದ ಆಕಾರ ಇನ್ನೆರಡು ಫ್ರೇಮ್ ಉಳಿಯಲಿ. ಸ್ವಯಂಚಾಲಿತ ಲಿಪ್ ಸಿಂಕ್ ಬಳಸಿದರೂ ಈ ಜಾಗಗಳನ್ನು ಕಣ್ಣಿಟ್ಟು ನೋಡಿ ಕೈಯಿಂದ ತಿದ್ದಲೇಬೇಕು. ಇನ್ನೊಂದು ಮಾತು: ಧ್ವನಿ ಮುಖ್ಯ ಟೈಮ್‌ಲೈನ್‌ನಲ್ಲೇ ಇರಬೇಕು, ಅದರ ಸಿಂಕ್ ಆಯ್ಕೆ ಸ್ಟ್ರೀಮ್ ಎಂದಿರಬೇಕು. ಇವೆಂಟ್ ಎಂದಿದ್ದರೆ ಧ್ವನಿ ಫ್ರೇಮುಗಳಿಗೆ ಕಟ್ಟಿಕೊಳ್ಳದೆ ತನ್ನ ಪಾಡಿಗೆ ಓಡುತ್ತದೆ. ನಿಧಾನದ ಕಂಪ್ಯೂಟರ್‌ನಲ್ಲಿ ಎಷ್ಟೇ ಸರಿಯಾಗಿ ಕೂರಿಸಿದ ತುಟಿಯೂ ಹಿಂದೆ ಬೀಳುತ್ತದೆ.

ಒಂದು ಪಾತ್ರದಿಂದ ಇನ್ನೊಂದನ್ನು ಮಾಡುವಾಗ ಬಲೆಯೊಂದಿದೆ. ನೀಲಿ ಅಂಗಿಯ ಹುಡುಗನಿಂದ ಕೆಂಪು ಅಂಗಿಯ ಹುಡುಗನನ್ನು ಮಾಡಬೇಕೆಂದು ಸಿಂಬಲ್ ಮೇಲೆ ಬಲ ಕ್ಲಿಕ್ ಮಾಡಿ ಡೂಪ್ಲಿಕೇಟ್ ಕೊಡುತ್ತಾರೆ. ಹೊಸದಾಗುವುದು ಹೊರಗಿನ ಸಿಂಬಲ್ ಮಾತ್ರ. ಒಳಗಿನ ಮುಂಡ, ತೋಳು, ಬಾಯಿ ಎಲ್ಲ ಇಬ್ಬರಿಗೂ ಹಂಚಿಕೆಯಾಗಿಯೇ ಇರುತ್ತವೆ. ಒಳಹೊಕ್ಕು ಅಂಗಿಗೆ ಕೆಂಪು ಬಳಿದರೆ ಮೊದಲಿನ ಹುಡುಗನ ಅಂಗಿಯೂ ಕೆಂಪಾಗುತ್ತದೆ, ಹಿಂದೆ ಮುಗಿಸಿದ ದೃಶ್ಯಗಳಲ್ಲೂ ಸೇರಿ. ಬದಲಾಗಬೇಕಾದ ಒಳ ತುಂಡುಗಳನ್ನೂ ಡೂಪ್ಲಿಕೇಟ್ ಮಾಡಿ, ಹಳೆಯದರ ಜಾಗಕ್ಕೆ ಹೊಸದು ಬರುವಂತೆ ಸ್ವ್ಯಾಪ್ ಮಾಡಬೇಕು. ಬದಲಾಗಬಾರದ ಬಾಯಿ, ಕಣ್ಣುಗಳನ್ನು ಹಾಗೇ ಹಂಚಿಕೊಳ್ಳಲು ಬಿಡಬೇಕು. ಸ್ವ್ಯಾಪ್ ಆಗುವ ಸಿಂಬಲ್‌ಗಳು ನೋಂದಣಿ ಬಿಂದುವಿಗೆ ಹೊಂದಿಕೊಂಡು ಕೂರುತ್ತವೆ. ಡೂಪ್ಲಿಕೇಟ್ ಮಾಡಿದರೆ ಆ ಬಿಂದು ಮೂಲದ್ದೇ ಇರುತ್ತದೆ, ಹೊಸದಾಗಿ ಬರೆದು ಮಾಡಿದರೆ ತೋಳು ಎಲ್ಲೋ ಹೋಗಿ ಕೂರಬಹುದು.

ಹೆಸರಿಡುವುದರಲ್ಲಿ ನಮ್ಮಲ್ಲಿ ಬಹಳ ಅಸಡ್ಡೆ. ‘ಸಿಂಬಲ್ 1’ರಿಂದ ‘ಸಿಂಬಲ್ 214’ರವರೆಗೆ ಸಾಲಾಗಿ ನಿಂತ ಲೈಬ್ರರಿಯಲ್ಲಿ ಬರೆದವರಿಗೇ ಆರು ತಿಂಗಳ ಮೇಲೆ ಏನೂ ಸಿಗದು. ಪಾತ್ರ, ಅಂಗ, ಬದಿ, ಭಾಗ ಎಂಬ ಅನುಕ್ರಮದಲ್ಲಿ ajji_kai_hattira_meltolu (ಅಜ್ಜಿ, ಕೈ, ಹತ್ತಿರ, ಮೇಲ್ತೋಳು) ಎಂಬಂತೆ ಹೆಸರಿಡಿ. ಎಡ, ಬಲ ಎನ್ನುವುದಕ್ಕಿಂತ ಹತ್ತಿರ, ದೂರ ಎನ್ನುವುದೇ ಮೇಲು. ಪಾತ್ರವನ್ನು ಅಡ್ಡಕ್ಕೆ ಮಗುಚಿದಾಗ ಬಲಗೈ ಎಡಗೈ ಆಗಿಬಿಡುತ್ತದೆ. ನೋಡುವವರಿಗೆ ಹತ್ತಿರವಿದ್ದ ಕೈ ಹತ್ತಿರವೇ ಉಳಿಯುತ್ತದೆ. ಅಂಕಿಗಳನ್ನು 01, 02 ಎಂದೇ ಬರೆದರೆ ಸಾಲು ಕೆಡದು. ಹೆಸರುಗಳನ್ನು ರೋಮನ್ ಸಣ್ಣಕ್ಷರಗಳಲ್ಲಿ, ಜಾಗ ಬಿಡದೆ ಇಡುವುದು ಕ್ಷೇಮ. ಎಕ್ಸ್‌ಎಫ್‌ಎಲ್ ಎಂಬ ಬಿಡಿಸಿಟ್ಟ ರೂಪದಲ್ಲಿ ಉಳಿಸಿದಾಗ ಪ್ರತಿ ಸಿಂಬಲ್ ಒಂದೊಂದು ಬಿಡಿ ಕಡತವಾಗುತ್ತದೆ, ಅವು ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಹೋಗುವಾಗ ಹೆಸರು ಕೆಡಬಾರದು.

ಫೋಲ್ಡರ್‌ಗಳು ಬರೀ ಚೊಕ್ಕಟಕ್ಕಲ್ಲ. ಇಬ್ಬರು ಕಲಾವಿದರು ಬೇರೆ ಬೇರೆ ಕಡತಗಳಲ್ಲಿ ‘ಕೈ’ ಎಂಬ ಹೆಸರಿನ ಸಿಂಬಲ್ ಮಾಡಿದ್ದಾರೆ ಎನ್ನಿ. ಒಬ್ಬರ ಪೊಲೀಸನನ್ನು ಇನ್ನೊಬ್ಬರ ಕಡತಕ್ಕೆ ಪೇಸ್ಟ್ ಮಾಡಿದಾಗ, ಈ ಹೆಸರಿನದು ಆಗಲೇ ಇದೆ, ಅದರ ಜಾಗದಲ್ಲಿ ಹೊಸದನ್ನು ಇಡಲೇ ಎಂದು ತಂತ್ರಾಂಶ ಕೇಳುತ್ತದೆ. ಇಡು ಎಂದರೆ ಅಜ್ಜಿಗೆ ಎಲ್ಲ ದೃಶ್ಯಗಳಲ್ಲೂ ಪೊಲೀಸನ ಕೈ ಬರುತ್ತದೆ. ಬೇಡ ಎಂದರೆ ಪೊಲೀಸನಿಗೆ ಅಜ್ಜಿಯ ಕೈ. ಹೀಗೆ ಬದಲಾದದ್ದನ್ನು ಅನ್‌ಡೂ ಮಾಡಿ ಹಿಂದಕ್ಕೆ ತರಲು ಆಗುವುದಿಲ್ಲ. ಪ್ರತಿ ಪಾತ್ರಕ್ಕೆ ಅದರದೇ ಫೋಲ್ಡರ್ ಇದ್ದರೆ ಈ ಘರ್ಷಣೆ ತಪ್ಪುತ್ತದೆ. ಪಾತ್ರ, ಹಿನ್ನೆಲೆ, ವಸ್ತು, ಧ್ವನಿ, ಫೋಟೊ ಎಂದು ಐದು ಫೋಲ್ಡರ್ ಮೇಲ್ಮಟ್ಟದಲ್ಲಿ ಸಾಕು. ಮೂರು ಹಂತಕ್ಕಿಂತ ಆಳ ಬೇಡ. ಪಾತ್ರವೊಂದಕ್ಕೆ ಒಂದು ಮೂಲ ಕಡತ ಇಟ್ಟು, ದೃಶ್ಯದ ಕಡತದಿಂದ ಅದನ್ನು ಓಪನ್ ಎಕ್ಸ್‌ಟರ್ನಲ್ ಲೈಬ್ರರಿ ಮೂಲಕ ತೆರೆದು ಎಳೆದುಕೊಂಡರೆ, ಹಳೆಯ ದೃಶ್ಯದಿಂದ ಕಾಪಿ ಮಾಡಿ ಕಸವನ್ನೂ ಜೊತೆಗೆ ತರುವ ಅಭ್ಯಾಸ ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಲೈಬ್ರರಿಯ ಮೆನುವಿನಲ್ಲಿ ಸೆಲೆಕ್ಟ್ ಅನ್‌ಯೂಸ್ಡ್ ಐಟಮ್ಸ್ ಕೊಟ್ಟು ಬಳಕೆಯಾಗದವನ್ನು ತೆಗೆಯಿರಿ. ಕೋಡಿನಿಂದ ಮಾತ್ರ ಕರೆಯುವ ಸಿಂಬಲ್‌ಗಳು ಇದ್ದರೆ ಅವನ್ನು ಮೊದಲು ಗುರುತಿಸಿಕೊಳ್ಳಿ, ಏಕೆಂದರೆ ಸ್ಟೇಜ್ ಮೇಲೆ ಅವುಗಳ ಪ್ರತಿ ಇರುವುದಿಲ್ಲ.

ಫೋಟೊಗಳ ಬಗ್ಗೆ ಇಷ್ಟೇ: 1920 × 1080 ಚೌಕಟ್ಟಿನಲ್ಲಿ 300 ಪಿಕ್ಸೆಲ್ ಅಗಲಕ್ಕೆ ಕಾಣುವ ಚಿತ್ರಕ್ಕೆ 4000 ಪಿಕ್ಸೆಲ್‌ನ ಕಡತ ತುಂಬಬೇಡಿ. ಕ್ಯಾಮೆರಾ ಅದರತ್ತ ಎರಡರಷ್ಟು ಹತ್ತಿರ ಹೋಗುವುದಿದ್ದರೆ 600 ಬೇಕು, ಅಷ್ಟೇ.

ಅಕ್ಷರಗಳದು ಬೇರೆಯೇ ಕಥೆ, ಕನ್ನಡದ ಪಾಠಗಳು ಹೆಚ್ಚು ಹಾಳಾಗಿರುವುದು ಅಲ್ಲೇ. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬರೆದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಯುನಿಕೋಡ್‌ನಲ್ಲೇ ಬರೆಯಿರಿ. ಶೀರ್ಷಿಕೆ, ಚಿತ್ರದ ಭಾಗಗಳ ಹೆಸರುಗಳನ್ನು ರೇಖಾಚಿತ್ರ ಬರೆಯುವ ಉಚಿತ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಬರೆದು, ಒತ್ತಕ್ಷರ ಸರಿ ಕೂತಿದೆಯೇ ನೋಡಿ, ಆಬ್ಜೆಕ್ಟ್ ಟು ಪಾತ್ ಕೊಟ್ಟು ರೇಖಾಕೃತಿಯಾಗಿಸಿ ಎಸ್‌ವಿಜಿ ರೂಪದಲ್ಲಿ ತನ್ನಿ. ಹಾಗೆ ಮಾಡಿದ ಮೇಲೆ ಅಕ್ಷರ ತಿದ್ದಲು ಬಾರದು, ಆದ್ದರಿಂದ ಪಠ್ಯವಾಗಿಯೇ ಇರುವ ಇಂಕ್‌ಸ್ಕೇಪ್ ಕಡತವನ್ನೂ ಜೊತೆಗೆ ಉಳಿಸಿಕೊಳ್ಳಿ. ಅಕ್ಷರವನ್ನು ಚಿತ್ರದ ಸಿಂಬಲ್ ಒಳಗೆ ಸೇರಿಸಲೇಬೇಡಿ. ‘ಆವಿಯಾಗುವಿಕೆ’ ಎಂಬ ಲೇಬಲ್ ಮೋಡದೊಳಗೆ ಕೂತರೆ ಆ ಮೋಡ ಬೇರಾವ ಪಾಠಕ್ಕೂ ಬರದು. ನಮ್ಮ ರಾಜ್ಯದಲ್ಲಿ ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಲೇಬಲ್‌ಗಳೆಲ್ಲ ಬೇರೆ ಲೇಯರ್‌ನಲ್ಲಿ, ಬೇರೆ ಫೋಲ್ಡರ್‌ನಲ್ಲಿ ಇದ್ದರೆ ಅದೇ ಪಾಠಕ್ಕೆ ಧ್ವನಿಯನ್ನೂ ಲೇಬಲ್‌ಗಳನ್ನೂ ಬದಲಿಸಿದರೆ ಆ ಮಕ್ಕಳಿಗೂ ತಲುಪುತ್ತದೆ. ಉರ್ದು ಬಲದಿಂದ ಎಡಕ್ಕೆ ಓದುವ ಲಿಪಿ, ಬಾಣಗುರುತು ಮತ್ತು ಲೇಬಲ್‌ಗೆ ಎರಡೂ ಕಡೆ ಜಾಗ ಬಿಟ್ಟಿರಬೇಕಾಗುತ್ತದೆ.

ಬಾಡಿಗೆ ಕೊಟ್ಟು ತಂತ್ರಾಂಶ ಬಳಸಲಾಗದವರಿಗೂ ಈ ದಾರಿ ಮುಚ್ಚಿಲ್ಲ. 2016ರಲ್ಲಿ ಮುಕ್ತ ತಂತ್ರಾಂಶವಾದ ಓಪನ್‌ಟೂನ್ಸ್‌ನಲ್ಲಿ ಸಬ್ ಎಕ್ಸ್‌ಶೀಟ್ ಎಂಬುದು ಸಿಂಬಲ್‌ನ ಕೆಲಸವನ್ನೇ ಮಾಡುತ್ತದೆ. ಅದರಲ್ಲೂ ಬರೀ ಕಾಪಿ ಮಾಡಿದರೆ ಎರಡೂ ಒಂದೇ ಮೂಲಕ್ಕೆ ಕಟ್ಟಿಕೊಂಡಿರುತ್ತವೆ, ಬೇರೆಯಾಗಬೇಕಾದರೆ ಕ್ಲೋನ್ ಕೊಡಬೇಕು. ಇನ್ನೊಂದು ಮುಕ್ತ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಆಲ್ಟ್ ಡಿ ಒತ್ತಿದರೆ ಮೂಲಕ್ಕೆ ಕಟ್ಟಿಕೊಂಡ ಪ್ರತಿ, ಶಿಫ್ಟ್ ಡಿ ಒತ್ತಿದರೆ ಸ್ವತಂತ್ರ ಪ್ರತಿ, 3.0 ಆವೃತ್ತಿಯಿಂದ ಲೈಬ್ರರಿಯಂತೆ ಬಳಸಬಹುದಾದ ಅಸೆಟ್ ಬ್ರೌಸರ್ ಕೂಡ ಇದೆ.

ಅನಿಮೇಷನ್ ಕ್ಷೇತ್ರಕ್ಕೆಂದೇ ಕರ್ನಾಟಕ 2012ರಲ್ಲೇ ನೀತಿ ರೂಪಿಸಿತು; ಈಗ 2024–29ರ ನೀತಿ ಜಾರಿಯಲ್ಲಿದೆ. ಈ ನೀತಿಗಳ ಆಶಯ ದೊಡ್ಡದು. ಅದು ತರಗತಿಯ ಮಟ್ಟಕ್ಕೆ ಇಳಿಯಬೇಕಾದರೆ ತರಬೇತಿ ಕೇಂದ್ರಗಳು ಪರೀಕ್ಷೆಯಲ್ಲಿ ವಿಡಿಯೊ ನೋಡಿ ಅಂಕ ಕೊಡುವ ಪದ್ಧತಿ ಬಿಡಲಿ. ವಿದ್ಯಾರ್ಥಿಯ ಮೂಲ ಕಡತವನ್ನು ಇನ್ನೊಬ್ಬ ವಿದ್ಯಾರ್ಥಿ ತೆರೆದು, ಕೇಳದೆಯೇ ಪಾತ್ರದ ಅಂಗಿಯ ಬಣ್ಣ ಮತ್ತು ಒಂದು ಲೇಬಲ್ಲನ್ನು ಹತ್ತು ನಿಮಿಷದಲ್ಲಿ ಬದಲಿಸಲು ಆಗಬೇಕು. ಆಗದಿದ್ದರೆ ಆ ಕೆಲಸಕ್ಕೆ ಪೂರ್ಣ ಅಂಕ ಕೊಡಬಾರದು.

ಪಾಠ ಮಾಡಿಸುವ ಸಂಸ್ಥೆಗಳು ಕರಾರಿನಲ್ಲೇ ಬರೆಸಿಕೊಳ್ಳಲಿ: ಎಂಪಿ4 ಜೊತೆಗೆ ಎಫ್‌ಎಲ್‌ಎ ಅಥವಾ ಬಳಸಿದ ತಂತ್ರಾಂಶದ ಮೂಲ ಕಡತ, ಪ್ರತಿ ಪಾತ್ರದ ಎಸ್‌ವಿಜಿ ಪ್ರತಿ, ಧ್ವನಿಯ ವೇವ್ ಕಡತಗಳು, ಬಳಸಿದ ಫಾಂಟ್‌ಗಳ ಹೆಸರು, ಯಾವ ಆವೃತ್ತಿಯ ತಂತ್ರಾಂಶ ಎಂಬ ಟಿಪ್ಪಣಿ. ಚಿತ್ರಗಳನ್ನು ಮುಂದೆಯೂ ಬಳಸುವ ಹಕ್ಕು ಯಾರದು ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಮರುಬಳಕೆಗೆ ಬರುವಂತೆ ಕಟ್ಟಲು ಕಲಾವಿದರಿಗೆ ಮೊದಲ ಪಾಠದಲ್ಲಿ ಹೆಚ್ಚು ಸಮಯ ಹಿಡಿಯುತ್ತದೆ, ಅದಕ್ಕೆ ತಕ್ಕ ಸಂಭಾವನೆ ಕೊಡುವುದು ನ್ಯಾಯ. ಕೊನೆಯ ಕಂತಿನ ಹಣ ಪಾವತಿಸುವ ಮುನ್ನ, ಆ ಕಡತವನ್ನು ಅದು ತಯಾರಾದ ಕಂಪ್ಯೂಟರ್‌ನಲ್ಲಲ್ಲ, ಬೇರೊಂದರಲ್ಲಿ ತೆರೆದು ನೋಡಿ.

ಇತಿ,
ದ್ವಿಮಿತಿ ಅನಿಮೇಷನ್ ಕಲಿಸುವ ಬೋಧಕರು,
ಮೈಸೂರು